ರೆಸ್ಯೂಮೆ ಬರೆಯುವ ಮುಂಚೆ ನಿಮ್ಮ ಪಿಎಫ್ ದಾಖಲೆ ತೆಗೆದು ನೋಡಿ

ನಾನು ಬೆಂಗಳೂರಿನಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಕೆಲಸ ಮಾಡುವವಳು. ಊರು ತಿಪಟೂರು. ಊರಿಗೆ ಹೋದಾಗ ಯಾರಾದರೂ "ಏನಮ್ಮಾ ನಿನ್ನ ಕೆಲಸ?" ಅಂದರೆ "ಜನ ಹೇಳಿದ್ದು ನಿಜಾನಾ ಅಂತ ನೋಡೋದು" ಅನ್ನುತ್ತೇನೆ. "ಪೊಲೀಸಾ?" ಅಂತ ಕೇಳುತ್ತಾರೆ. ಅಷ್ಟೇನೂ ಇಲ್ಲ. ಒಂದು ಕಂಪನಿ ಯಾರನ್ನಾದರೂ ಆರಿಸಿಕೊಂಡ ಮೇಲೆ ಅವರ ಹಳೇ ಕೆಲಸಗಳ ಕಾಗದಪತ್ರ ನಮ್ಮ ಹತ್ತಿರ ಬರುತ್ತದೆ. ಅಭ್ಯರ್ಥಿ ತುಂಬಿದ ಫಾರಂ ಒಂದು ಕಡೆ, ಹಳೇ ಕಂಪನಿ ಹೇಳಿದ್ದು ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡಿ ಹಸಿರು, ಹಳದಿ, ಕೆಂಪು ಅಂತ ಬಣ್ಣ ಕೊಟ್ಟು ವಾಪಸ್ ಕಳಿಸುತ್ತೇವೆ. ಕೆಲಸ ಕೊಡೋದು ಬಿಡೋದು ಆ ಕಂಪನಿಗೆ ಬಿಟ್ಟಿದ್ದು.

ಕೆಂಪು ಬೀಳುವವರಲ್ಲಿ ಪಕ್ಕಾ ಮೋಸಗಾರರು ಕಡಿಮೆ. ಹೆಚ್ಚಿನವರು ಹೆದರಿದವರು. ಮೂರು ತಿಂಗಳಿಗೇ ಬಿಟ್ಟ ಕೆಲಸ ಕಂಡರೆ ಬೇಡ ಅನ್ನುತ್ತಾರೇನೋ ಅಂತ ಅದನ್ನು ಅಳಿಸಿ, ಹಿಂದಿನ ಕೆಲಸವನ್ನು ಮೂರು ತಿಂಗಳು ಎಳೆದು ಉದ್ದ ಮಾಡಿರುತ್ತಾರೆ. ಆ ಮೂರು ತಿಂಗಳ ಕೆಲಸದ ಬಗ್ಗೆ ಮೊದಲೇ ಹೇಳಿದ್ದರೆ ಎಚ್‌ಆರ್ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಅದೇ ಸಂಗತಿ ನಮ್ಮ ವರದಿಯಲ್ಲಿ ಬಂದರೆ 'ತಪ್ಪು ಮಾಹಿತಿ ಕೊಟ್ಟಿದ್ದಾರೆ' ಅಂತ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಗೊತ್ತಿದ್ದರೆ ಮುಚ್ಚಿಡುವ ಪರಿಸ್ಥಿತಿ ಬರುವುದೇ ಕಡಿಮೆ.

ಮೊದಲು ನಿಮ್ಮ ಫೈಲ್ ನೀವೇ ತೆಗೆಯಿರಿ

ಹೊಸ ಕೆಲಸ ಹುಡುಕುವವರು ಮೊದಲು ರೆಸ್ಯೂಮೆಯ ವಿನ್ಯಾಸಕ್ಕೆ ಕೂರುತ್ತಾರೆ. ಅದನ್ನು ಪಕ್ಕಕ್ಕಿಡಿ. ಪಿಎಫ್‌ನ (ಭವಿಷ್ಯ ನಿಧಿಯ) ಸದಸ್ಯರ ಪೋರ್ಟಲ್‌ಗೆ ಹೋಗಿ. ನಿಮ್ಮ 12 ಅಂಕಿಯ ಯುಎಎನ್, ಅಂದರೆ ಪಿಎಫ್‌ನ ಖಾಯಂ ನಂಬರು, ಹಾಕಿ ಒಳಗೆ ಹೋದರೆ 'ವ್ಯೂ' ಅನ್ನುವುದರ ಕೆಳಗೆ 'ಸರ್ವಿಸ್ ಹಿಸ್ಟರಿ' ಇರುತ್ತದೆ. ಅಲ್ಲಿ ನೀವು ಕೆಲಸ ಮಾಡಿದ, ಪಿಎಫ್ ಕಟ್ಟಿದ ಪ್ರತಿಯೊಂದು ಸಂಸ್ಥೆಯ ಹೆಸರು, ಸೇರಿದ ತಾರೀಕು, ಬಿಟ್ಟ ತಾರೀಕು ಸಾಲಾಗಿ ಕೂತಿರುತ್ತವೆ. ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳಿನ ಲೆಕ್ಕ ಸಿಗುತ್ತದೆ. ಸರ್ಕಾರದ ಉಮಂಗ್ ಆ್ಯಪ್‌ನಲ್ಲೂ ನೋಡಬಹುದು.

ಯುಎಎನ್ ಬಂದದ್ದು 2014ರಲ್ಲಿ. ಅದಕ್ಕೂ ಮುಂಚೆ ಕಂಪನಿ ಬದಲಿಸಿದರೆ ಪಿಎಫ್ ನಂಬರೂ ಬದಲಾಗುತ್ತಿತ್ತು. ಹಳೇದನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಒಬ್ಬ ಮನುಷ್ಯನಿಗೆ ಒಂದೇ ನಂಬರು, ಅದಕ್ಕೆ ಆಧಾರ್ ಜೋಡಣೆ. ಇನ್ನೊಂದು ಯುಎಎನ್ ಮಾಡಿಸಿಕೊಂಡು ಹಳೇದನ್ನು ಮರೆಮಾಡುವುದು ಆಗದ ಮಾತು. ಸೇರುವ ದಿನ ಫಾರಂ 11 ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ನೆನಪಿದೆಯಾ? ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ, ನಂಬರು ಏನು, ಹಿಂದಿನ ಕೆಲಸ ಬಿಟ್ಟದ್ದು ಯಾವತ್ತು ಅಂತ ಅದರಲ್ಲಿ ಕೇಳಿರುತ್ತಾರೆ. ಒಂದು ಕೆಲಸ ಮುಚ್ಚಿಟ್ಟವರು ಅಲ್ಲಿ ಇನ್ನೊಂದು ಸುಳ್ಳಿಗೆ ಸಹಿ ಹಾಕುತ್ತಾರೆ. ಈಗ ಎಷ್ಟೋ ಕಂಪನಿಗಳು ಸರ್ವಿಸ್ ಹಿಸ್ಟರಿಯನ್ನೇ ಕಳಿಸಿ ಅಂತ ನೇರವಾಗಿ ಕೇಳುತ್ತವೆ.

ಪಿಎಫ್‌ನಲ್ಲಿ ತಪ್ಪುಗಳೂ ಇರುತ್ತವೆ. ಹಳೇ ಕಂಪನಿ ನೀವು ಬಿಟ್ಟ ತಾರೀಕನ್ನೇ ಹಾಕಿರುವುದಿಲ್ಲ. ನೋಡಿದವರಿಗೆ ನೀವು ಇನ್ನೂ ಅಲ್ಲೇ ಇದ್ದ ಹಾಗೆ ಕಾಣುತ್ತದೆ. ಇದನ್ನು ನೀವೇ ಸರಿ ಮಾಡಬಹುದು. 'ಮ್ಯಾನೇಜ್' ಕೆಳಗಿನ 'ಮಾರ್ಕ್ ಎಕ್ಸಿಟ್'ಗೆ ಹೋಗಿ, ಆಧಾರ್ ಮೊಬೈಲ್‌ಗೆ ಬರುವ ಒಟಿಪಿ ಹಾಕಬೇಕು. ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳು ಕಳೆದಿರಬೇಕು ಅಷ್ಟೇ. ತಾರೀಕು ಹಾಕುವಾಗ ರಿಲೀವಿಂಗ್ ಲೆಟರ್ (ಹಳೇ ಕಂಪನಿ ಕೊಟ್ಟ ಬಿಡುಗಡೆ ಪತ್ರ) ಪಕ್ಕದಲ್ಲಿಟ್ಟುಕೊಳ್ಳಿ. ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ದೊಡ್ಡ ತಲೆನೋವು.

ಇನ್ನೊಂದು ಮಾಮೂಲಿ ಗೋಜಲು: ನೀವು ಕೆಲಸ ಬಿಟ್ಟದ್ದು ಜೂನ್ 14. ಹೊಸದಕ್ಕೆ ಸೇರಿದ್ದು ಜೂನ್ 17. ಹಳೇ ಕಂಪನಿಯವರು ಪಿಎಫ್‌ನಲ್ಲಿ ಜೂನ್ 30 ಅಂತ ಹಾಕಿದ್ದಾರೆ. ಈಗ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಹೆದರಬೇಡಿ, ದಿನಾ ನೋಡುತ್ತೇವೆ. ರಿಲೀವಿಂಗ್ ಲೆಟರ್‌ನಲ್ಲಿ ಸರಿಯಾದ ತಾರೀಕು ಇದ್ದರೆ ಸಾಕು. ಆದರೆ ನಾವು ಕೇಳುವ ಮುಂಚೆ ನೀವೇ ಎಚ್‌ಆರ್‌ಗೆ ಒಂದು ಸಾಲು ಬರೆದಿದ್ದರೆ ವರದಿ ಒಂದು ವಾರ ಬೇಗ ಮುಗಿಯುತ್ತದೆ.

20ಕ್ಕಿಂತ ಕಡಿಮೆ ಜನ ಇರುವ ಕಡೆ ಪಿಎಫ್ ಕಡ್ಡಾಯ ಇಲ್ಲ. ಅಂಥ ಕಡೆ ಕೆಲಸ ಮಾಡಿದ್ದರೆ ಬೇರೆ ದಾಖಲೆ ನೋಡಿಕೊಳ್ಳಿ: ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಹಿಡಿದದ್ದಕ್ಕೆ ಕಂಪನಿ ಕೊಡುವ ಫಾರಂ 16, ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್. 26ಎಎಸ್‌ನಲ್ಲಿ ಯಾವ ಕಂಪನಿ ನಿಮ್ಮ ಸಂಬಳದಿಂದ ತೆರಿಗೆ ಹಿಡಿದು ಕಟ್ಟಿದೆ ಅನ್ನುವುದು ಹೆಸರಿನ ಸಮೇತ ಇರುತ್ತದೆ. ತೆರಿಗೆ ಹಿಡಿಯುವಷ್ಟು ಸಂಬಳ ಇರಲಿಲ್ಲವಾ, ಅಲ್ಲೂ ಏನೂ ಕಾಣದಿರಬಹುದು. ಆಗ ಬ್ಯಾಂಕ್ ಸ್ಟೇಟ್‌ಮೆಂಟೇ ಗತಿ.

ಇಷ್ಟನ್ನೂ ಇಟ್ಟುಕೊಂಡು ಒಂದು ಹಾಳೆಯಲ್ಲಿ ಕಂಪನಿ, ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಯ ಸಂಬಳ, ಬಿಟ್ಟ ಕಾರಣ ಬರೆಯಿರಿ. ನೆನಪಿನಿಂದ ಬರೆಯಬೇಡಿ, ಕಾಗದ ನೋಡಿ ಬರೆಯಿರಿ. ನೆನಪು ಯಾವಾಗಲೂ ಒಳ್ಳೆ ಕೆಲಸವನ್ನು ಉದ್ದ ಮಾಡಿ, ಕೆಟ್ಟ ಕೆಲಸವನ್ನು ಗಿಡ್ಡ ಮಾಡಿ ಹೇಳುತ್ತದೆ.

ರೆಸ್ಯೂಮೆಯಲ್ಲಿ ಬಿಡಬಹುದು, ಫಾರಂನಲ್ಲಿ ಬಿಡುವ ಹಾಗಿಲ್ಲ

ಇದನ್ನು ಎಷ್ಟೋ ಜನ ಒಂದೇ ಅಂದುಕೊಂಡಿದ್ದಾರೆ. ರೆಸ್ಯೂಮೆ ನಿಮ್ಮ ಕೈಯಲ್ಲಿರುವುದು. ಅದರಲ್ಲಿ ಏನು ಹಾಕಬೇಕು, ಏನು ಬಿಡಬೇಕು ಅನ್ನುವುದು ನಿಮ್ಮ ಇಷ್ಟ. 10 ವರ್ಷದ ಹಿಂದೆ ಎರಡು ತಿಂಗಳು ಕಾಲ್ ಸೆಂಟರಿನಲ್ಲಿ ಇದ್ದದ್ದನ್ನು ಈಗಿನ ಅಕೌಂಟ್ಸ್ ಕೆಲಸದ ರೆಸ್ಯೂಮೆಯಲ್ಲಿ ಹಾಕಲೇಬೇಕು ಅಂತ ಯಾವ ನಿಯಮವೂ ಇಲ್ಲ. ಬಿಟ್ಟರೆ ಅದು ಸುಳ್ಳಲ್ಲ. ಆದರೆ ಅದನ್ನು ಬಿಟ್ಟು, ಆ ಜಾಗ ಕಾಣದ ಹಾಗೆ ಅಕ್ಕಪಕ್ಕದ ಕೆಲಸದ ತಾರೀಕು ಎಳೆದರೆ ಸುಳ್ಳು. ವ್ಯತ್ಯಾಸ ಅಲ್ಲಿದೆ.

ಆಫರ್ ಹಂತದಲ್ಲಿ ಬರುವ ಫಾರಂ ಬೇರೆ. ಅದರ ಕೊನೆಯಲ್ಲಿ 'ಮೇಲೆ ಕೊಟ್ಟ ಮಾಹಿತಿಯೆಲ್ಲ ಪೂರ್ಣ ಮತ್ತು ನಿಜ' ಅಂತ ಇರುತ್ತದೆ. ಜೊತೆಗೆ, ಸುಳ್ಳು ಅಂತ ಗೊತ್ತಾದರೆ ಯಾವಾಗ ಬೇಕಾದರೂ ಕೆಲಸದಿಂದ ತೆಗೆಯಬಹುದು ಅಂತಲೂ. ಪ್ರಶ್ನೆಯನ್ನು ಸರಿಯಾಗಿ ಓದಿ. 'ಕಳೆದ ಏಳು ವರ್ಷದ ಕೆಲಸಗಳು' ಅಂತ ಕೇಳಿದ್ದರೆ ಏಳು ವರ್ಷದ್ದೆಲ್ಲಾ ಕೊಡಿ, ಎಂಟನೇ ವರ್ಷದ್ದು ಬೇಡ. 'ಇಲ್ಲಿಯವರೆಗಿನ ಎಲ್ಲಾ ಕೆಲಸ' ಅಂತ ಕೇಳಿದ್ದರೆ ಆ ಎರಡು ತಿಂಗಳ ಕಾಲ್ ಸೆಂಟರೂ ಬರಬೇಕು. ರೆಸ್ಯೂಮೆಯಲ್ಲಿ ಇಲ್ಲದ್ದು ಫಾರಂನಲ್ಲಿ ಬಂತಲ್ಲಾ ಅಂತ ಯಾರಾದರೂ ಕೇಳಿದರೆ, "ಈ ಕೆಲಸಕ್ಕೆ ಸಂಬಂಧ ಇರಲಿಲ್ಲ, ಅದಕ್ಕೆ ರೆಸ್ಯೂಮೆಯಲ್ಲಿ ಹಾಕಿರಲಿಲ್ಲ. ನೀವು ಎಲ್ಲಾ ಕೇಳಿದ್ದೀರಿ, ಕೊಟ್ಟಿದ್ದೇನೆ" ಅನ್ನಿ. ಈ ಉತ್ತರಕ್ಕೆ ಎದುರು ಮಾತಾಡಿದ ಎಚ್‌ಆರ್‌ಗಳನ್ನು ನಾನು ನೋಡಿಲ್ಲ.

ಒಂದು ಉದಾಹರಣೆ. ಚನ್ನರಾಯಪಟ್ಟಣದ ಕಡೆಯ ಹುಡುಗ, ಟೆಸ್ಟಿಂಗ್ ಕೆಲಸ. ಫಾರಂನಲ್ಲಿ ಎರಡು ಕಂಪನಿ ಬರೆದಿದ್ದ. ಪಿಎಫ್‌ನಲ್ಲಿ ಮೂರು ಇತ್ತು. ಫೋನ್ ಮಾಡಿದೆ.

"ಮಧ್ಯದ್ದು ಯಾಕಪ್ಪಾ ಬರೆದಿಲ್ಲ?"

"ಮೇಡಂ, ಅಲ್ಲಿ ನೈಟ್ ಶಿಫ್ಟ್ ಮಾತ್ರ ಅಂದ್ರು. ಆರೋಗ್ಯ ಸರಿಹೋಗಲಿಲ್ಲ. ಬಿಟ್ಟೆ. ಎರಡೂವರೆ ತಿಂಗಳು ಅಷ್ಟೇ."

"ಸರಿ, ಇದನ್ನೇ ಅವರಿಗೆ ಹೇಳಬಹುದಿತ್ತಲ್ವಾ?"

"ಹೇಳಿದ್ರೆ ತಗೋತಾರೋ ಇಲ್ವೋ ಅಂತ..."

ತಗೋತಿದ್ದರು. ಎರಡೂವರೆ ತಿಂಗಳಿಗೆ ಬಿಡಲು ಅವನ ಹತ್ತಿರ ಒಳ್ಳೆ ಕಾರಣವೇ ಇತ್ತು. ಕೆಂಪು ಬಿದ್ದದ್ದು ಫಾರಂ ಕೆಳಗಿದ್ದ ಸಹಿಯಿಂದ.

ಖಾಲಿ ಇದ್ದ ತಿಂಗಳುಗಳು

ಗ್ಯಾಪ್ ಅನ್ನುವ ಮಾತು ಕೇಳಿದರೇ ನಮ್ಮ ಹುಡುಗರ ಮುಖ ಬಾಡುತ್ತದೆ. ನಮ್ಮ ರಾಜ್ಯದಲ್ಲಿ ಗ್ಯಾಪ್‌ಗೆ ಕಾರಣ ಕಡಿಮೆಯಾ? ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಓದಿದವರು ಎಷ್ಟೋ ಜನ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪೇನೂ ಮಾಡದೆ ಅಷ್ಟು ಕಾಲ ಕಾದವರ ರೆಸ್ಯೂಮೆಯಲ್ಲಿ ಎರಡು ವರ್ಷ ಖಾಲಿ ಕಂಡರೆ ಅದರಲ್ಲಿ ಅವಮಾನ ಏನಿದೆ? 'ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ' ಅಂತ ವರ್ಷದ ಸಮೇತ ಬರೆಯಿರಿ. ಪ್ರವೇಶ ಪತ್ರ ಇದ್ದರೆ ಇಟ್ಟುಕೊಳ್ಳಿ. ಗ್ಯಾಪ್‌ಗೆ ಪುರಾವೆ ಕೇಳುವ ಕಂಪನಿಗಳೂ ಇವೆ.

ಹೆರಿಗೆ ಆಯ್ತು, ಮಗು ಸಣ್ಣದು, ಅತ್ತೆಗೆ ಹುಷಾರಿರಲಿಲ್ಲ, ತೋಟ ನೋಡಿಕೊಳ್ಳಬೇಕಿತ್ತು, 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯ್ತು. ಇವೆಲ್ಲಾ ಸಾಕಷ್ಟು ಕಾರಣಗಳೇ. ಒಂದು ಸಾಲು ಸಾಕು. ಹೆಣ್ಣುಮಕ್ಕಳಿಗೆ ಮಾತ್ರ ಒಂದು ಮಾತು ಬೇರೆಯಾಗಿ ಹೇಳಬೇಕು: 'ಫ್ರೀಲಾನ್ಸ್ ಮಾಡುತ್ತಿದ್ದೆ' ಅಂತ ಸುಮ್ನೆ ಹಾಕಬೇಡಿ. ಗಂಡನ ಸ್ನೇಹಿತರ ಕಂಪನಿಯ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ಸಂಬಳದ ಪುರಾವೆ ಕೇಳಿದಾಗ ಅವರ ಹತ್ತಿರ ಏನೂ ಇರಲಿಲ್ಲ. ಮಗು ನೋಡಿಕೊಂಡಿದ್ದೆ ಅಂದಿದ್ದರೆ ಯಾರೂ ಪುರಾವೆ ಕೇಳುತ್ತಿರಲಿಲ್ಲ.

ತೆಗೆದುಹಾಕಿದ್ದರೆ, ಹೇಳದೆ ಬಿಟ್ಟು ಬಂದಿದ್ದರೆ

ಲೇಆಫ್ ಆಗಿದ್ದರೆ ಲೇಆಫ್ ಅನ್ನಿ. ಈಗ ಅದರ ಬಗ್ಗೆ ಯಾರೂ ಹುಬ್ಬೇರಿಸುವುದಿಲ್ಲ. ಪ್ರಾಜೆಕ್ಟ್ ಮುಗಿಯಿತು, ನಮ್ಮ ಟೀಮನ್ನೇ ತೆಗೆದರು. ಮುಗಿಯಿತು.

ಕಷ್ಟ ಇರುವುದು ಪಿಐಪಿ ಹಾಕಿಸಿಕೊಂಡು ಹೊರಬಂದವರಿಗೆ. ಕೆಲಸ ಸರಿಯಿಲ್ಲ ಅಂತ ಎರಡು ಮೂರು ತಿಂಗಳು ಗಡುವು ಕೊಡುತ್ತಾರೆ. ಕೊನೆಗೆ 'ನೀವೇ ರಾಜೀನಾಮೆ ಕೊಟ್ಟುಬಿಡಿ' ಅನ್ನುತ್ತಾರೆ. ಕೊಟ್ಟಿರಿ. ಈಗ ಹೊಸ ಫಾರಂನಲ್ಲಿ 'ನಿಮ್ಮನ್ನು ಯಾವಾಗಲಾದರೂ ಕೆಲಸದಿಂದ ವಜಾ ಮಾಡಲಾಗಿತ್ತೇ?' ಅಂತ ಕೇಳಿದ್ದಾರೆ. ನಿಮ್ಮ ಕಾಗದದಲ್ಲಿ ರಾಜೀನಾಮೆ ಅಂತಿದ್ದರೆ 'ಇಲ್ಲ' ಅನ್ನುವುದು ಸರಿಯಾದ ಉತ್ತರ. ಆದರೆ 'ವಜಾ ಮಾಡಲಾಗಿತ್ತೇ ಅಥವಾ ರಾಜೀನಾಮೆ ಕೊಡಲು ಹೇಳಲಾಗಿತ್ತೇ?' ಅಂತ ಕೇಳಿದ್ದರೆ 'ಹೌದು' ಅನ್ನಬೇಕು. ಕೆಲವು ಕಂಪನಿಗಳು ಹೀಗೆ ಕೇಳುತ್ತವೆ. ಇಂಟರ್‌ವ್ಯೂನಲ್ಲಿ ಬಂದರೆ ಮೂರು ಮಾತಿನಲ್ಲಿ ಮುಗಿಸಿ: ಏನಾಯಿತು, ಯಾಕಾಯಿತು, ಆಮೇಲೆ ಏನು ಮಾಡಿದಿರಿ. "ನನ್ನನ್ನು ಡೇಟಾ ಟೀಮ್‌ಗೆ ಹಾಕಿದರು. ನನಗೆ ಆ ಕೆಲಸ ಬರುತ್ತಿರಲಿಲ್ಲ, ಕಲಿಯಲು ಕೊಟ್ಟ ಸಮಯದಲ್ಲಿ ಕಲಿಯಲಾಗಲಿಲ್ಲ. ಆಮೇಲೆ ಸಪೋರ್ಟ್ ಕೆಲಸಕ್ಕೆ ವಾಪಸ್ ಬಂದೆ, ಅಲ್ಲಿ ಎರಡು ವರ್ಷ ಚೆನ್ನಾಗಿ ನಡೆಯಿತು." ಹಳೇ ಮ್ಯಾನೇಜರ್‌ನ ಬಯ್ಯಲು ಹೋಗಬೇಡಿ. ಬೈಗುಳ ಶುರುವಾದ ಕೂಡಲೇ ಎದುರಿಗೆ ಕೂತವರು ನೋಟ್ ಬರೆದುಕೊಳ್ಳುವುದು ನಿಲ್ಲಿಸುತ್ತಾರೆ.

ಇನ್ನು ನೋಟಿಸ್ ಕೊಡದೆ ಬಿಟ್ಟು ಬಂದವರು. ನಮ್ಮ ಭಾಷೆಯಲ್ಲಿ ಅಬ್‌ಸ್ಕಾಂಡ್. 90 ದಿನ ನೋಟಿಸ್ ಇರುವ ಕಡೆ ಇದು ಜಾಸ್ತಿ. ರಿಲೀವಿಂಗ್ ಲೆಟರ್ ಇರುವುದಿಲ್ಲ, ಹಳೇ ಕಂಪನಿಗೆ ನಾವು ಮೇಲ್ ಹಾಕಿದರೆ 'ಅಬ್‌ಸ್ಕಾಂಡಿಂಗ್' ಅಂತಲೇ ಉತ್ತರ ಬರುತ್ತದೆ. ಇದಕ್ಕೆ ಮದ್ದು ಇದೆ, ಆದರೆ ಕೆಲಸ ಹುಡುಕಲು ಶುರು ಮಾಡುವ ಮುಂಚೆಯೇ ಮಾಡಬೇಕು. ಹಳೇ ಎಚ್‌ಆರ್‌ಗೆ ಮೇಲ್ ಬರೆಯಿರಿ. ಬಿಟ್ಟ ತಾರೀಕು ಹೇಳಿ, ಬಾಕಿ ನೋಟಿಸ್ ದಿನಗಳಿಗೆ ಎಷ್ಟು ದುಡ್ಡು ಕಟ್ಟಬೇಕು ಕೇಳಿ, ಲ್ಯಾಪ್‌ಟಾಪ್ ಐಡಿ ಕಾರ್ಡ್ ಇದ್ದರೆ ವಾಪಸ್ ಕೊಡಿ. ದುಡ್ಡು ಕಟ್ಟಿಸಿಕೊಂಡು ಪತ್ರ ಕೊಡುವ ಕಂಪನಿಗಳು ಬಹಳ ಇವೆ. ಕೊಡಲಿಲ್ಲ ಅಂದರೂ ನೀವು ಬರೆದ ಮೇಲ್‌ಗಳು ಉಳಿಯುತ್ತವೆ. ಹೊಸ ಎಚ್‌ಆರ್‌ಗೆ ಅದನ್ನೇ ತೋರಿಸಿ: ಹೀಗಾಯಿತು, ಸರಿ ಮಾಡಿಕೊಳ್ಳಲು ಹೀಗೆ ಪ್ರಯತ್ನ ಮಾಡಿದ್ದೇನೆ. ಎಲ್ಲಾ ಕಂಪನಿಗಳೂ ಒಪ್ಪುವುದಿಲ್ಲ. ಒಪ್ಪುವವು ಕೂಡ ಮೊದಲೇ ಹೇಳಿದವರನ್ನು ಮಾತ್ರ ಒಪ್ಪುತ್ತವೆ.

ಯಾರ ಪೇರೋಲ್‌ನಲ್ಲಿ ಇದ್ದಿರಿ?

ಸುಳ್ಳು ಹೇಳುವ ಉದ್ದೇಶ ಇಲ್ಲದೆಯೂ ಕೆಂಪು ಬೀಳುವ ಜಾಗ ಇದು. ವೈಟ್‌ಫೀಲ್ಡ್‌ನ ದೊಡ್ಡ ಕ್ಯಾಂಪಸ್‌ನಲ್ಲಿ ಮೂರು ವರ್ಷ ಕೆಲಸ, ಕೊರಳಲ್ಲಿ ಅದೇ ಕಂಪನಿಯ ಟ್ಯಾಗು, ಕ್ಯಾಂಟೀನೂ ಅವರದೇ. ಸಂಬಳ ಮಾತ್ರ ಇನ್ನೊಂದು ಮ್ಯಾನ್‌ಪವರ್ ಕಂಪನಿಯಿಂದ. ರೆಸ್ಯೂಮೆಯಲ್ಲಿ ದೊಡ್ಡ ಕಂಪನಿಯ ಹೆಸರು ಹಾಕುತ್ತಾರೆ. ನಾವು ಅವರನ್ನು ಕೇಳಿದರೆ 'ಈ ಹೆಸರಿನ ಉದ್ಯೋಗಿ ನಮ್ಮಲ್ಲಿ ಇರಲಿಲ್ಲ' ಅನ್ನುತ್ತಾರೆ. ಅವರು ಹೇಳುವುದೂ ನಿಜವೇ. ಬರೆಯುವ ಕ್ರಮ ಇಷ್ಟೇ: ಮೊದಲು ಸಂಬಳ ಕೊಟ್ಟ ಕಂಪನಿ, ಅದರ ಕೆಳಗೆ 'ಕ್ಲೈಂಟ್' ಅಂತ ಹಾಕಿ ದೊಡ್ಡ ಕಂಪನಿ. ಮಧ್ಯದಲ್ಲಿ ಮ್ಯಾನ್‌ಪವರ್ ಕಂಪನಿ ಬದಲಾಗಿದ್ದರೆ ಅದೇ ಕುರ್ಚಿ, ಅದೇ ಕೆಲಸ ಆಗಿದ್ದರೂ ಎರಡು ಸಾಲು ಬರೆಯಬೇಕು.

ಪೀಣ್ಯ, ಬಿಡದಿ, ನರಸಾಪುರದ ಕಾರ್ಖಾನೆಗಳಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇದ್ದ ಐಟಿಐ, ಡಿಪ್ಲೊಮಾ ಹುಡುಗರಿಗೂ ಇದೇ ಮಾತು. ಅಪ್ರೆಂಟಿಸ್ ಆಗಿದ್ದರೆ ಅಪ್ರೆಂಟಿಸ್ ಅಂತಲೇ ಬರೆಯಿರಿ. 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ತರಬೇತಿ ಪಡೆಯುವವರಿಗೆ ಪಿಎಫ್ ಕಟ್ಟುವುದಿಲ್ಲ. ಹಾಗಾಗಿ ನೀವು 'ಉದ್ಯೋಗಿ' ಅಂತ ಬರೆದರೆ ಪಿಎಫ್‌ನಲ್ಲಿ ಹುಡುಕಿ ಸಿಗದೆ ಅನುಮಾನ ಬರುತ್ತದೆ. ಅಪ್ರೆಂಟಿಸ್ ಪ್ರಮಾಣಪತ್ರ ಕೊಟ್ಟರೆ ಯಾವ ತಕರಾರೂ ಇಲ್ಲ.

ಕಂಪನಿಯೇ ಮುಚ್ಚಿಹೋಗಿದ್ದರೆ? ಮುಚ್ಚಿದೆ ಅಂತ ಫಾರಂನಲ್ಲೇ ಬರೆಯಿರಿ. ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಅದು ಯಾವತ್ತು ನೋಂದಣಿ ಆಯ್ತು, ವಿಳಾಸ ಯಾವುದು, ಈಗ ಚಾಲ್ತಿಯಲ್ಲಿದೆಯಾ, ಹೆಸರು ತೆಗೆದುಹಾಕಿದ್ದಾರಾ ಅನ್ನುವುದು ಕಾಸಿಲ್ಲದೆ ಸಿಗುತ್ತದೆ. ಅದರ ಜೊತೆ ನೇಮಕದ ಪತ್ರ, ಪೇಸ್ಲಿಪ್, ಸಂಬಳ ಬಿದ್ದ ಸ್ಟೇಟ್‌ಮೆಂಟ್, ಜೊತೆಗಿದ್ದ ಮೇಲಧಿಕಾರಿಯ ಫೋನ್ ನಂಬರ್ ಕೊಡಿ. ನಂಬರ್ ಕೊಡುವ ಮುಂಚೆ ಅವರನ್ನು ಕೇಳಿ. ಅಂಗಡಿ, ಗ್ಯಾರೇಜು, ಚಿಟ್ ಫಂಡ್ ಆಫೀಸು ಅಂತ ಕೈಯಲ್ಲಿ ಸಂಬಳ ತಗೊಂಡವರು ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಲೆಟರ್‌ಹೆಡ್ ಇಲ್ಲದಿದ್ದರೆ ಬಿಳಿ ಹಾಳೆ, ಸೀಲು, ಸಹಿ, ಫೋನ್ ನಂಬರ್ ಸಾಕು. ಸಂಬಳ ಕೈಯಲ್ಲಿ ಕೊಡುತ್ತಿದ್ದರು ಅಂತಲೂ ಅದರಲ್ಲೇ ಇರಲಿ. ಅದಕ್ಕಾಗಿ ಪೇಸ್ಲಿಪ್ ಹುಟ್ಟಿಸಬೇಡಿ.

ಹುದ್ದೆ, ಸಂಬಳ

ಕಾಗದದಲ್ಲಿ 'ಎಕ್ಸಿಕ್ಯುಟಿವ್' ಅಂತಿದ್ದರೆ ಫಾರಂನಲ್ಲೂ ಅದೇ. ಮಾಡಿದ್ದು ಟೀಮ್ ಲೀಡ್ ಕೆಲಸ ಆಗಿದ್ದರೆ ಕೆಳಗಿನ ಸಾಲಿನಲ್ಲಿ 'ಎಂಟು ಜನರ ಟೀಮ್ ನೋಡಿಕೊಳ್ಳುತ್ತಿದ್ದೆ' ಅಂತ ಬರೆಯಿರಿ. ಸಂಬಳ ಹೇಳುವಾಗ ಖಾಯಂ ಎಷ್ಟು, ಕೆಲಸ ನೋಡಿ ಕೊಡುವುದು ಎಷ್ಟು ಅಂತ ಬಿಡಿಸಿ ಹೇಳಿ. ಸೇರಿಸಿ ಒಂದೇ ದೊಡ್ಡ ಸಂಖ್ಯೆ ಹೇಳಿದವರು ಪೇಸ್ಲಿಪ್ ಕೊಡುವ ದಿನ ಸಿಕ್ಕಿಬೀಳುತ್ತಾರೆ. ಆ ದಿನ ಪಿಡಿಎಫ್ ತಿದ್ದುವ ಆಸೆ ಹುಟ್ಟುತ್ತದೆ. ಪೇಸ್ಲಿಪ್‌ನಲ್ಲಿ ಬೇಸಿಕ್ (ಮೂಲ ಸಂಬಳ) ತಿದ್ದಿದರೆ ಎಷ್ಟೋ ಸಲ ಪಿಎಫ್ ಪಾಸ್‌ಬುಕ್‌ನಲ್ಲಿ ಅದರ ಶೇ 12 ಹೊಂದುವುದಿಲ್ಲ, ಬ್ಯಾಂಕಿಗೆ ಬಿದ್ದ ದುಡ್ಡೂ ಹೊಂದುವುದಿಲ್ಲ. ಹಳೇ ಸಂಬಳ ಹೇಳಲು ಇಷ್ಟ ಇಲ್ಲದಿದ್ದರೆ "ನನಗೆ ಇಷ್ಟು ಬೇಕು, ಅದರ ಮೇಲೆ ಮಾತಾಡೋಣ" ಅನ್ನಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ಕೊಂಡುಕೊಂಡ ಅನುಭವ

ಬಿಟಿಎಂ, ಮಾರತ್ತಹಳ್ಳಿ ಕಡೆ ಟ್ರೈನಿಂಗ್‌ಗೆ ಬಂದ ಹುಡುಗರಿಗೆ ಈ ಮಾತು ಗೊತ್ತಿರುತ್ತದೆ: "ಫ್ರೆಶರ್ ಅಂದ್ರೆ ಕಾಲ್ ಬರಲ್ಲ, ಮೂರು ವರ್ಷ ಎಕ್ಸ್‌ಪೀರಿಯೆನ್ಸ್ ಹಾಕಿಸ್ಕೊಡ್ತೀವಿ." ನೇಮಕ ಪತ್ರ, ಪೇಸ್ಲಿಪ್, ರಿಲೀವಿಂಗ್ ಲೆಟರ್, ಫೋನ್ ಮಾಡಿದರೆ ಎಚ್‌ಆರ್ ಅಂತ ಮಾತಾಡುವವರು, ಎಲ್ಲಾ ಒಂದೇ ಪ್ಯಾಕೇಜು. ಅಪ್ಪ ಅಡಿಕೆ ಮಾರಿ ಕೊಟ್ಟ ದುಡ್ಡು ಅಲ್ಲಿಗೆ ಹೋಗುತ್ತದೆ.

ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತೀರಾ? 2018ರಿಂದ ಅನುಭವ ಅಂತ ಪತ್ರ, ಆದರೆ ಎಂಸಿಎಯಲ್ಲಿ ಆ ಕಂಪನಿ ಹುಟ್ಟಿದ್ದೇ 2020ರಲ್ಲಿ. ವಿಳಾಸಕ್ಕೆ ನಮ್ಮ ಹುಡುಗ ಹೋಗಿ ನೋಡಿದರೆ ಕೆಳಗೆ ಬೇಕರಿ, ಮೇಲೆ ಪಿಜಿ. ಮೂರು ಬೇರೆ ಬೇರೆ ಕಂಪನಿಗಳ ಎಚ್‌ಆರ್ ನಂಬರ್‌ಗೆ ಫೋನ್ ಮಾಡಿದರೆ ಒಂದೇ ದನಿ. ಸಂಬಳ ಬ್ಯಾಂಕಿಗೆ ಬಿದ್ದ ದಿನವೇ ಅಷ್ಟೂ ದುಡ್ಡು ವಾಪಸ್ ಹೋಗಿರುತ್ತದೆ. ಇದನ್ನು ಕಂಡುಹಿಡಿಯಲು ಅಂಥ ಬುದ್ಧಿವಂತಿಕೆ ಏನೂ ಬೇಡ. ಒಂದು ನಕಲಿ ಕಂಪನಿ ಗೊತ್ತಾದರೆ ಆ ಹೆಸರು ಪಟ್ಟಿಗೆ ಸೇರುತ್ತದೆ. ಆಮೇಲೆ ಅದರ ಪತ್ರ ಕೊಟ್ಟು ಆಗಲೇ ಕೆಲಸಕ್ಕೆ ಸೇರಿದವರನ್ನೂ ಹಿಂದಕ್ಕೆ ಹೋಗಿ ಹುಡುಕುತ್ತಾರೆ. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಇಂಡಿಯಾ ಹೀಗೆ ಇಲ್ಲದ ಕಂಪನಿಗಳ ದಾಖಲೆ, ಅನುಭವ ಪತ್ರ ಕೊಟ್ಟವರನ್ನು ಹೊರಗೆ ಕಳಿಸಿದ್ದಾಗಿ ಹೇಳಿತು. ನಕಲಿ ಕಾಗದವನ್ನು ಅಸಲಿ ಅಂತ ಕೊಡುವುದು ಅಪರಾಧ ಕೂಡ. ಮೊದಲು ಐಪಿಸಿಯಲ್ಲಿ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ.

ಆಗಲೇ ಹಾಕಿಸಿಕೊಂಡಿದ್ದೀರಾ? ಇನ್ನೂ ಎಲ್ಲೂ ಸೇರಿಲ್ಲ ಅಂದರೆ ಇವತ್ತೇ ಆ ಸಾಲು ತೆಗೆಯಿರಿ. ನೌಕ್ರಿ, ಲಿಂಕ್ಡ್‌ಇನ್‌ನಲ್ಲೂ ತೆಗೆಯಿರಿ. ಕಲಿತದ್ದನ್ನು 'ತರಬೇತಿ' ಅಂತ ಬರೆದು, ಮಾಡಿದ ಪ್ರಾಜೆಕ್ಟ್ ತೋರಿಸಿ. ಸಂಬಳ ಕಡಿಮೆ ಸಿಗುತ್ತದೆ, ಹೌದು. ಆಫರ್ ಕೈಯಲ್ಲಿದ್ದು ಫಾರಂ ತುಂಬುವ ಹಂತದಲ್ಲಿದ್ದರೆ ಆ ಆಫರ್ ಬಿಟ್ಟುಬಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಠಿಣ ಅನ್ನಿಸಬಹುದು. ಆದರೆ ಬಿಟ್ಟ ಆಫರ್ ಯಾವ ದಾಖಲೆಯಲ್ಲೂ ಕಳಂಕವಾಗಿ ಉಳಿಯುವುದಿಲ್ಲ.

ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಜನರನ್ನು ತೆಗೆದಿದ್ದೇವೆ ಅಂದ ಮೇಲೆ ಎಲ್ಲರೂ ಪಿಎಫ್ ತಾರೀಕು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ವಾರಾಂತ್ಯಕ್ಕೆ ಟ್ಯೂಷನ್ ಹೇಳುವುದು, ಯೂಟ್ಯೂಬ್ ಮಾಡುವುದು ಇದ್ದರೆ ಸೇರುವ ಮುಂಚೆ ಮೇಲ್‌ನಲ್ಲಿ ಹೇಳಿ, ಒಪ್ಪಿಗೆ ತಗೊಳ್ಳಿ.

ಹೇಳಬೇಕಾಗಿಲ್ಲದ್ದು

ನಿಜ ಹೇಳಬೇಕು ಅಂದ ಕೂಡಲೇ ಕೆಲವರು ಎಲ್ಲವನ್ನೂ ಹರವಿಕೊಂಡು ಕೂರುತ್ತಾರೆ. ನಿಮಗೆ ಯಾವ ಕಾಯಿಲೆ ಇತ್ತು, ಗಂಡ ಹೆಂಡತಿ ಮಧ್ಯೆ ಏನಾಯಿತು, ಮದುವೆ ಯಾವಾಗ, ಇನ್ನೊಂದು ಮಗು ಬೇಕಾ, ಇದ್ಯಾವುದನ್ನೂ ಹೇಳಬೇಕಾಗಿಲ್ಲ. "ಮನೆಯ ಕಾರಣಕ್ಕೆ ಆರು ತಿಂಗಳು ಬಿಡುವು ತಗೊಂಡೆ, ಈಗ ಅದು ಮುಗಿದಿದೆ" ಅನ್ನುವುದು ಪೂರ್ತಿ ನಿಜ, ಅಷ್ಟೇ ಸಾಕು. ಈಗಿನ ಕಂಪನಿಗೆ ಈಗಲೇ ಫೋನ್ ಮಾಡಬೇಡಿ ಅನ್ನುವ ಹಕ್ಕೂ ನಿಮಗಿದೆ. ಫಾರಂನಲ್ಲಿ ಅದಕ್ಕೊಂದು ಚೌಕ ಇರುತ್ತದೆ, ಇಲ್ಲದಿದ್ದರೆ ಮೇಲ್‌ನಲ್ಲಿ ಬರೆಯಿರಿ. ರಾಜೀನಾಮೆ ಕೊಟ್ಟ ಮೇಲೆ ಕೇಳಲಿ.

ಸರ್ಕಾರಿ ನೌಕರಿಗೆ ಹೋಗುವವರಿಗೆ ಇಷ್ಟು ಸಡಿಲ ಇಲ್ಲ. ಪರಿಶೀಲನಾ ಫಾರಂನಲ್ಲಿ ಕೇಳಿದ್ದಕ್ಕೆಲ್ಲಾ ಉತ್ತರ ಕೊಡಬೇಕು, ಪೊಲೀಸ್ ಕೇಸ್ ಇದ್ದರೆ ಅದನ್ನೂ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ವಿವರವಾಗಿ ಹೇಳಿದೆ. ಸಣ್ಣಪುಟ್ಟ ಕೇಸನ್ನು ಮುಚ್ಚಿಟ್ಟಿದ್ದರೆ ನೇಮಕ ಮಾಡುವವರು ಮನ್ನಿಸಬಹುದು, ಆದರೆ ಅದು ಅವರ ವಿವೇಚನೆ. ವಿದೇಶಕ್ಕೆ ಹೋಗುವವರು ವೀಸಾಗೆ ಕೊಡುವ ಅನುಭವ ಪತ್ರದ ಬಗ್ಗೆ ಇನ್ನೂ ಎಚ್ಚರವಾಗಿರಿ. ಬೇಕಂತಲೇ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು.

ಯಾವಾಗ, ಯಾರಿಗೆ

ಮೊದಲ ಫೋನ್‌ನಲ್ಲೇ ಹೇಳಬೇಡಿ, ಅವರಿಗೆ ನಿಮ್ಮ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ. ಸೇರಿದ ಮೇಲೂ ಬೇಡ. ಇಂಟರ್‌ವ್ಯೂ ಮುಗಿದು, ಸಂಬಳದ ಮಾತು ಶುರುವಾಗುವ ಹೊತ್ತು ಸರಿಯಾದ ಸಮಯ. ಫೋನ್‌ನಲ್ಲಿ ಹೇಳಿ, ಅವತ್ತೇ ಮೇಲ್ ಹಾಕಿ. ಮಧ್ಯದ ಕನ್ಸಲ್ಟೆನ್ಸಿಯವರಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ. "ಅದೆಲ್ಲಾ ನಾನು ನೋಡ್ಕೋತೀನಿ" ಅಂದವರು ಕಂಪನಿಗೆ ಹೇಳಿರುವುದೇ ಇಲ್ಲ. ಮೇಲ್ ಇಂಗ್ಲಿಷ್‌ನಲ್ಲೇ ಹೋಗುತ್ತದೆ, ವಿಷಯ ಹೀಗಿರಲಿ:

'ಇವತ್ತು ಫೋನ್‌ನಲ್ಲಿ ಹೇಳಿದ ಹಾಗೆ, 2021ರ ಮಾರ್ಚ್‌ನಿಂದ ಮೇವರೆಗೆ ಒಂದು ಕಂಪನಿಯಲ್ಲಿ ಕೆಲಸ ಮಾಡಿದ್ದೆ. ಅವಧಿ ಚಿಕ್ಕದಾದ ಕಾರಣ ರೆಸ್ಯೂಮೆಯಲ್ಲಿ ಹಾಕಿರಲಿಲ್ಲ. ಪಿಎಫ್ ದಾಖಲೆಯಲ್ಲಿ ಇದು ಕಾಣುತ್ತದೆ. ರಿಲೀವಿಂಗ್ ಲೆಟರ್ ಇಲ್ಲ, ನೇಮಕದ ಪತ್ರ ಮತ್ತು ಎರಡು ಪೇಸ್ಲಿಪ್ ಲಗತ್ತಿಸಿದ್ದೇನೆ. ಇನ್ನೇನಾದರೂ ಬೇಕಿದ್ದರೆ ತಿಳಿಸಿ.'

ಕ್ಷಮಿಸಿ, ದಯವಿಟ್ಟು ಅರ್ಥ ಮಾಡಿಕೊಳ್ಳಿ ಅಂತ ಎಳೆಯಬೇಡಿ. ನಾವು ಹಳೇ ಕಂಪನಿಗೆ ಮೇಲ್ ಹಾಕುವ ಹೊತ್ತಿಗೆ ಇದು ಎಚ್‌ಆರ್ ಕೈಯಲ್ಲಿದ್ದರೆ ನಮಗೂ ಒಂದು ಪ್ರತಿ ಬಂದಿರುತ್ತದೆ. ಆಗ ವರದಿಯಲ್ಲಿ 'ಅಭ್ಯರ್ಥಿ ಮೊದಲೇ ತಿಳಿಸಿದ್ದಾರೆ' ಅಂತ ಬರೆಯುತ್ತೇವೆ.

ಇಷ್ಟೆಲ್ಲಾ ಮಾಡಿಯೂ ಹಳದಿಯೋ ಕೆಂಪೋ ಬಿದ್ದರೆ ವರದಿಯ ಆ ಭಾಗ ಕೇಳಿ ತಗೊಳ್ಳಿ. ತಪ್ಪು ನಮ್ಮ ಕಡೆಯೂ ಇರುತ್ತದೆ. ಅದೇ ಹೆಸರಿನ ಬೇರೆಯವರ ದಾಖಲೆ ಬಂದಿರಬಹುದು, ಹಳೇ ಕಂಪನಿಯಲ್ಲಿ ಹೊಸದಾಗಿ ಬಂದ ಎಚ್‌ಆರ್ ಹಳೇ ಪಟ್ಟಿ ನೋಡದೆ 'ಗೊತ್ತಿಲ್ಲ' ಅಂದಿರಬಹುದು. ನಿಮ್ಮ ಎಂಪ್ಲಾಯಿ ಐಡಿ, ಪೇಸ್ಲಿಪ್, ರಿಲೀವಿಂಗ್ ಲೆಟರ್ ಕಳಿಸಿ ಮತ್ತೆ ನೋಡಿ ಅನ್ನಿ. ಎರಡನೇ ಸಲ ನೋಡಿ ಬಣ್ಣ ಬದಲಿಸುವುದು ನಮಗೆ ಹೊಸದೇನಲ್ಲ. ಎಂಪ್ಲಾಯಿ ಐಡಿ ಮರೆತಿದ್ದರೆ ಹಳೇ ಪೇಸ್ಲಿಪ್‌ನ ಮೇಲ್ಭಾಗದಲ್ಲಿ ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ.